ಅಂಗೈಯ ವೈದ್ಯರು ಮತ್ತು ದುಡಿಯುವ ಜನ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)

ಕೂಲಿ, ಬೋನಸ್ಸು, ಪಾಳಿ, ಅಂಗಡಿಯ ಬಾಡಿಗೆ, ತೆರಿಗೆ ಇವುಗಳ ಮೇಲೆ ಮಾತನಾಡುವುದು ನಮ್ಮ ರೂಢಿ. ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಬೇರೆಯೆಂದು ಮೇಲೆ ಕಂಡರೂ ಅದರ ಬೇರು ಅದೇ ನೆಲದಲ್ಲಿದೆ. ಮೈಗೆ ಕಾಯಿಲೆ ಬಂದಾಗ ನಾವು ಯಾರ ಮಾತು ಕೇಳುತ್ತಿದ್ದೇವೆ ಎಂಬುದೇ ಆ ವಿಷಯ.

ಹಿಂದೆ ಮನೆಯ ಅಜ್ಜಿಯ ಮಾತು ನಡೆಯುತ್ತಿತ್ತು. ಆಮೇಲೆ ಊರಿನ ನಾಟಿವೈದ್ಯರದು, ಆಮೇಲೆ ಡಾಕ್ಟರದು. ಈಗ ಅಂಗೈಯಲ್ಲಿರುವ ಯಂತ್ರದ ಮಾತು ನಡೆಯುತ್ತಿದೆ. ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆದು ಊಟಕ್ಕೆ ಕೂರುವ ಮೊದಲೇ ಫೋನು ತೆರೆಯುತ್ತಾನೆ. ಅದರಲ್ಲಿ ಬಿಳಿ ಕೋಟು ತೊಟ್ಟವನೊಬ್ಬ, ಕೊರಳಲ್ಲಿ ನಳಿಗೆ ತೂಗುಹಾಕಿಕೊಂಡು, ರಕ್ತದೊತ್ತಡದ ಗುಳಿಗೆ ನಿಮ್ಮ ಕಿಡ್ನಿಯನ್ನು ತಿನ್ನುತ್ತದೆ, ಇಂದೇ ಬಿಟ್ಟುಬಿಡಿ, ಈ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಯಿರಿ ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಿರುತ್ತಾನೆ. ಅವನು ಡಾಕ್ಟರೋ, ನಾಟಕದ ಪಾತ್ರಧಾರಿಯೋ ಯಾರಿಗೂ ಗೊತ್ತಿಲ್ಲ. ಆದರೆ ಮಾತು ಹಿತವಾಗಿರುತ್ತದೆ. ಗುಳಿಗೆ ನುಂಗಲು ಯಾರಿಗೆ ತಾನೇ ಇಷ್ಟ? ತಿಂಗಳಿಗೆ ಇಷ್ಟು ರೂಪಾಯಿ ಉಳಿಯುತ್ತದೆಂಬ ಆಸೆಯೂ ಜೊತೆಗೆ ಸೇರುತ್ತದೆ.

ಇಂಥ ಮಾತು ಬಂದಾಗ ಓದು ಬಲ್ಲವರು ನಗುತ್ತಾರೆ. ಜನಕ್ಕೆ ಬುದ್ಧಿಯಿಲ್ಲ, ವಾಟ್ಸಾಪಿನಲ್ಲಿ ಬಂದುದನ್ನೆಲ್ಲ ನಂಬುತ್ತಾರೆ ಎನ್ನುತ್ತಾರೆ. ಈ ನಗುವಿನಲ್ಲಿ ನಾವು ಪಾಲುಗೊಳ್ಳುವುದಿಲ್ಲ. ದುಡಿಯುವವನು ಫೋನಿನ ವೈದ್ಯನ ಬಳಿಗೆ ಏಕೆ ಹೋದನೆಂದು ಕೇಳದೆ ಅವನನ್ನು ಹೀಯಾಳಿಸುವುದು, ಹಸಿದವನನ್ನು ಏಕೆ ಕದ್ದೆಯೆಂದು ಕೇಳಿದಂತೆಯೇ ಸರಿ.

ಲೆಕ್ಕ ಹಾಕಿ ನೋಡೋಣ. ಡಾಕ್ಟರನ್ನು ಕಾಣಬೇಕಾದರೆ ಗಿರಣಿಯವನು ಒಂದು ದಿನದ ಕೂಲಿ ಕಳೆದುಕೊಳ್ಳಬೇಕು, ಅಂಗಡಿಯವನು ಅರ್ಧ ದಿನ ಬಾಗಿಲು ಹಾಕಬೇಕು. ಸರಕಾರಿ ಆಸ್ಪತ್ರೆಯಾದರೆ ಚೀಟಿಗೊಂದು ಸಾಲು, ಡಾಕ್ಟರಿಗೊಂದು ಸಾಲು, ಔಷಧಿಗೆ ಇನ್ನೊಂದು ಸಾಲು. ಖಾಸಗಿಯಾದರೆ ಸಾಲು ಚಿಕ್ಕದು, ಬಿಲ್ಲು ದೊಡ್ಡದು. ಇಷ್ಟೆಲ್ಲ ಆದ ಮೇಲೆ ಡಾಕ್ಟರು ತಲೆಯೆತ್ತಿ ನೋಡುವುದು ಎರಡು ನಿಮಿಷ. ಬರೆದ ಚೀಟಿ ಇಂಗ್ಲಿಷಿನಲ್ಲಿ. ಈ ಗುಳಿಗೆ ಏತಕ್ಕೆ, ಎಷ್ಟು ದಿನ, ಬಿಟ್ಟರೆ ಏನಾದೀತು ಎಂದು ಕೇಳಲು ಬಾಯಿ ಬರುವುದಿಲ್ಲ, ಕೇಳಿದರೆ ಗದರಿಕೆ. ಫೋನು ಹಾಗಲ್ಲ. ಅದು ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ. ಕನ್ನಡದಲ್ಲಿ ಮಾತನಾಡುತ್ತದೆ. ಹತ್ತು ಸಲ ಕೇಳಿದರೂ ಬೇಸರಪಡುವುದಿಲ್ಲ. ‘ಅಣ್ಣಾ, ಅಕ್ಕಾ’ ಎಂದು ಕರೆಯುತ್ತದೆ. ಸರಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರವೇ ಹೇಳುವಂತೆ, 2021-22ರಲ್ಲಿ ಈ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟರು. 2013-14ರಲ್ಲಿ ಇದು ಶೇಕಡ 64.2 ಇತ್ತು. ಇಳಿದಿದೆಯೆಂದು ಸರಕಾರ ಬೆನ್ನು ತಟ್ಟಿಕೊಳ್ಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೆ ನೂರಕ್ಕೆ ಮೂವತ್ತೊಂಬತ್ತು ರೂಪಾಯಿಯನ್ನು ರೋಗಿಯ ಜೇಬಿನಿಂದ ಕೀಳುವ ದೇಶದಲ್ಲಿ, ಬಿಟ್ಟಿ ಸಲಹೆ ಕೊಡುವವನ ಮುಂದೆ ಜನ ಕೂರದೆ ಇನ್ನೆಲ್ಲಿ ಕೂತಾರು?

ಹಾಗಾದರೆ ಫೋನು ಒಳ್ಳೆಯದೇ ಮಾಡುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಬಿಟ್ಟಿಯಲ್ಲ ಎಂಬುದೇ ನಮ್ಮ ಮೊದಲ ಮಾತು.

ಸಂತೆಯಲ್ಲಿ ಚಾಪೆ ಹಾಸಿ, ಡೋಲು ಬಾರಿಸಿ, ಸಕಲ ರೋಗಕ್ಕೂ ಒಂದೇ ಮದ್ದು ಎಂದು ಕೂಗುವವರನ್ನು ನಾವೆಲ್ಲ ಕಂಡಿದ್ದೇವೆ. ಹಳೆಯ ಪತ್ರಿಕೆಗಳ ಹಿಂಬದಿಯ ಪುಟಗಳಲ್ಲಿ ನರದೌರ್ಬಲ್ಯದ ಲೇಹ್ಯಗಳ ಜಾಹೀರಾತು ಎಷ್ಟಿದ್ದವೆಂಬುದು ಹಿರಿಯರಿಗೆ ನೆನಪಿರಬಹುದು. ಇವರನ್ನು ಹಿಡಿಯಲೆಂದೇ 1954ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾನೂನೆಂದು ಅದರ ಹೆಸರು. ಸಕ್ಕರೆ ಕಾಯಿಲೆ, ಕ್ಯಾನ್ಸರು, ರಕ್ತದೊತ್ತಡ, ಹೃದ್ರೋಗ, ಬೊಜ್ಜು ಮುಂತಾಗಿ ಒಂದು ಉದ್ದನೆಯ ಪಟ್ಟಿಯನ್ನು ಕೊಟ್ಟು, ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡಿದವನಿಗೆ ಮೊದಲ ಸಲ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಎಂದು ಅದು ಹೇಳುತ್ತದೆ. ಅದರಲ್ಲಿ ಜಾಹೀರಾತು ಎಂದರೆ ಏನೆಂಬುದಕ್ಕೆ ಕೊಟ್ಟಿರುವ ಅರ್ಥ ಬಹಳ ಸ್ವಾರಸ್ಯವಾಗಿದೆ. ಬರೆದದ್ದು, ಅಚ್ಚು ಹಾಕಿದ್ದು ಮಾತ್ರವಲ್ಲ, ಬಾಯಿಮಾತಿನಿಂದಾಗಲಿ, ಬೆಳಕು, ಶಬ್ದ, ಹೊಗೆ ಇವುಗಳಿಂದಾಗಲಿ ಸಾರಿದ್ದೆಲ್ಲವೂ ಜಾಹೀರಾತೇ ಎಂದು ಅಂದಿನವರು ಬರೆದಿಟ್ಟರು. ಇಂದಿನ ಫೋನು ಬೆಳಕು ಮತ್ತು ಶಬ್ದವಲ್ಲದೆ ಮತ್ತೇನು? ಹೊಗೆಯೊಂದು ಬಾಕಿ. ಅಂದರೆ ಕಾನೂನು ಇಲ್ಲವೆಂದಲ್ಲ; ಎಪ್ಪತ್ತು ವರ್ಷಗಳಿಂದ ಇದೆ. ಅದನ್ನು ಎತ್ತಿ ಹಿಡಿಯುವ ಕೈ ಇಲ್ಲ.

ಕೈ ಇಲ್ಲವೆಂಬುದನ್ನು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಭಾರತೀಯ ವೈದ್ಯಕೀಯ ಸಂಘವು 2022ರಲ್ಲಿ ಪತಂಜಲಿ ಕಂಪನಿಯ ಜಾಹೀರಾತುಗಳ ವಿರುದ್ಧ ಕೋರ್ಟಿಗೆ ಹೋಯಿತು. ಇನ್ನು ಮಾಡುವುದಿಲ್ಲವೆಂದು 2023ರ ನವೆಂಬರಿನಲ್ಲಿ ಕೋರ್ಟಿಗೆ ಮಾತು ಕೊಟ್ಟ ಮೇಲೂ ಜಾಹೀರಾತು ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ನಿಂದನೆಯ ನೋಟೀಸು ಬಂತು, ಏಪ್ರಿಲಿನಲ್ಲಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚಾಯಿತು, ಆಗಸ್ಟಿನಲ್ಲಿ ಆ ನಿಂದನೆಯ ಮೊಕದ್ದಮೆ ಮುಗಿಯಿತು. ಯಾರೂ ಜೈಲಿಗೆ ಹೋಗಲಿಲ್ಲ. ಸಂತೆಯ ಬೇರುನಾರಿನವನಾಗಿದ್ದರೆ ಪೊಲೀಸಿನವನು ಅಂದೇ ಚಾಪೆ ಎಳೆದಿರುತ್ತಿದ್ದ. ಆ ವರ್ಷ ಮೇ ತಿಂಗಳಲ್ಲಿ ಅದೇ ಕೋರ್ಟು, ಸುಳ್ಳು ಜಾಹೀರಾತಿಗೆ ಮುಖ ಕೊಡುವ ನಟರೂ ಜಾಲತಾಣದ ಪ್ರಸಿದ್ಧರೂ ಕಂಪನಿಯಷ್ಟೇ ಹೊಣೆಗಾರರೆಂದು ಹೇಳಿತು. ಮಾತು ಸರಿಯಾಗಿದೆ. ನಮ್ಮ ಜಿಲ್ಲೆಯಲ್ಲಿ ಯಾರ ಮೇಲಾದರೂ ಕೇಸು ಹಾಕಿದರೇ ಎಂದು ನೀವೇ ವಿಚಾರಿಸಿ ನೋಡಿ.

ಸಂತೆಯವನಿಗೂ ಫೋನಿನವನಿಗೂ ಇನ್ನೊಂದು ಭೇದವಿದೆ. ಸಂತೆಯವನು ಮುಂದಿನ ವಾರವೂ ಅಲ್ಲಿಯೇ ಬರಬೇಕು. ಮದ್ದಿನಿಂದ ಕೆಡುಕಾದರೆ ಕೊರಳಪಟ್ಟಿ ಹಿಡಿಯಬಹುದು. ಫೋನಿನವನಿಗೆ ಊರಿಲ್ಲ, ಕೊರಳಪಟ್ಟಿಯೂ ಇಲ್ಲ. ಅವನ ಹಿಂದೆ ನಿಂತಿರುವ ಯಜಮಾನನಂತೂ ಸಮುದ್ರದಾಚೆ ಇದ್ದಾನೆ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರಕ್ಕೂ ಒಡೆಯನಾದ ಮೆಟಾ ಕಂಪನಿಯ ವರಮಾನ 2024ರಲ್ಲಿ ಸುಮಾರು 16,450 ಕೋಟಿ ಡಾಲರು. ಅದರಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಪಾಲು ಜಾಹೀರಾತಿನಿಂದ ಬಂದದ್ದು. ಗಿರಣಿಯ ಮಾಲೀಕ ನೂಲು ಮಾರುತ್ತಾನೆ. ಈ ಮಾಲೀಕ ಮಾರುವುದು ನಮ್ಮ ಹೊತ್ತನ್ನು, ನಮ್ಮ ಕಣ್ಣನ್ನು. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಅವನಿಗೆ ಲಾಭ. ಹೆದರಿಕೆ, ಸಿಟ್ಟು, ಆಸೆ ಈ ಮೂರು ಇದ್ದರೆ ಜನ ಹೆಚ್ಚು ಹೊತ್ತು ನೋಡುತ್ತಾರೆ. ಆ ಕಂಪನಿಯಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗನ್ ಎಂಬಾಕೆ 2021ರಲ್ಲಿ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದರು. ಮೆಚ್ಚುಗೆಯ ಗುರುತಿಗೆ ಒಂದು ಅಂಕವಾದರೆ ಸಿಟ್ಟಿನ ಗುರುತಿಗೆ ಐದು ಅಂಕ ಕೊಟ್ಟು, ಸಿಟ್ಟೆಬ್ಬಿಸುವುದನ್ನೇ ಮೇಲಕ್ಕೆ ತರುವ ಲೆಕ್ಕ ಕೆಲವು ಕಾಲ ನಡೆದಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂತು. ಉಪ್ಪು ಕಡಮೆ ತಿನ್ನಿ, ಬೀಡಿ ಬಿಡಿ, ಗುಳಿಗೆ ತಪ್ಪಿಸಬೇಡಿ ಎಂಬ ಮಾತಿಗೆ ಸಿಟ್ಟೂ ಬಾರದು, ಬೆರಗೂ ಆಗದು. ಅದು ಕೆಳಗೇ ಉಳಿಯುತ್ತದೆ.

ನಿಮ್ಮಲ್ಲಿ ಹತ್ತಿಯ ಧೂಳಿನ ನಡುವೆ ಕೆಲಸ ಮಾಡುವವರಿದ್ದೀರಿ. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿದುಕೊಳ್ಳುವುದು, ಉಸಿರು ಎಳೆಯುವುದು, ಎರಡು ದಿನಕ್ಕೆ ಕಡಮೆಯಾದಂತೆ ಕಾಣುವುದು ಕೆಲವರ ಅನುಭವದಲ್ಲಿದೆ. ಇದಕ್ಕೆ ಬಿಸಿನೋಸಿಸ್ ಎಂದು ಹೆಸರು. ಕಾನೂನಿನಲ್ಲಿ ಇದು ವರದಿ ಮಾಡಲೇಬೇಕಾದ ಕಸುಬಿನ ಕಾಯಿಲೆ, ಇ.ಎಸ್.ಐ.ಯಲ್ಲಿ ಪರಿಹಾರಕ್ಕೂ ಅರ್ಹವಾದದ್ದು. ಅದರ ಮೇಲೆ ಎಷ್ಟು ವಿಡಿಯೋ ನೋಡಿದ್ದೀರಿ? ಕೈ ಎತ್ತಿ. ಒಬ್ಬರೂ ಇಲ್ಲ. ಏಕೆಂದರೆ ಅದರಲ್ಲಿ ಮಾರಲು ಏನೂ ಇಲ್ಲ. ಅದಕ್ಕೆ ಮದ್ದು ಧೂಳು ಎಳೆಯುವ ಯಂತ್ರ, ಅದನ್ನು ಹಾಕಬೇಕಾದವನು ಮಾಲೀಕ. ಎದೆಯ ಕಫಕ್ಕೆ ಕಷಾಯದ ಪುಡಿ ಮಾರುವ ವಿಡಿಯೋ ಮಾತ್ರ ದಿನಕ್ಕೆ ಹತ್ತು ಬರುತ್ತವೆ.

ಇನ್ನು ಗುಳಿಗೆ ಬಿಡುವ ವಿಚಾರ. ಇದು ಇಂದಿನ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ದಯವಿಟ್ಟು ಹಿಂದಿನ ಸಾಲಿನವರು ಸ್ವಲ್ಪ ಕಿವಿಗೊಡಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಮೂವರಿಗೆ ಒಬ್ಬರಂತೆ ರಕ್ತದೊತ್ತಡ. ಹಿಂದೆ ಇದನ್ನು ಸಾಹುಕಾರರ ಕಾಯಿಲೆ ಎನ್ನುತ್ತಿದ್ದರು. ಈಗ ಅದು ರಾತ್ರಿಪಾಳಿಯವರ, ದಿನವಿಡೀ ಗಲ್ಲದ ಮುಂದೆ ಕೂತವರ ಕಾಯಿಲೆಯೂ ಆಗಿದೆ. ಈ ಎರಡು ಕಾಯಿಲೆಗಳ ಸ್ವಭಾವವೆಂದರೆ ಅವು ನೋಯುವುದಿಲ್ಲ. ಹಲ್ಲುನೋವಾದರೆ ಮದ್ದು ಬಿಟ್ಟ ರಾತ್ರಿಯೇ ಗೊತ್ತಾಗುತ್ತದೆ. ಒತ್ತಡದ ಗುಳಿಗೆ ಬಿಟ್ಟರೆ ನಾಳೆಯೂ ಏನಾಗುವುದಿಲ್ಲ, ವಾರವಾದರೂ ಏನಾಗದಿರಬಹುದು. ಆಗ ಮನುಷ್ಯನಿಗೆ ನಂಬಿಕೆ ಬರುತ್ತದೆ: ನೋಡಿ, ವಿಡಿಯೋದವನು ಹೇಳಿದ್ದೇ ನಿಜ, ಬಿಟ್ಟೆ, ಚೆನ್ನಾಗಿಯೇ ಇದ್ದೇನೆ ಎಂದು ತಾನೂ ನಾಲ್ಕು ಜನಕ್ಕೆ ಹೇಳುತ್ತಾನೆ, ಗುಂಪಿಗೂ ಕಳಿಸುತ್ತಾನೆ. ಒಳಗೆ ರಕ್ತನಾಳದ ಮೇಲೆ ಒತ್ತಡ ತನ್ನ ಕೆಲಸ ಮಾಡುತ್ತಿರುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಒಂದು ಬೆಳಗ್ಗೆ ಬಾಯಿ ಓರೆಯಾಗುತ್ತದೆ, ಕೈ ಬಿದ್ದುಹೋಗುತ್ತದೆ. ಆಗ ಅವನು ವಿಡಿಯೋ ಮಾಡುವುದಿಲ್ಲ. ಗುಣವಾದೆನೆಂದು ಹೇಳುವವನ ಮುಖ ಮಾತ್ರ ಫೋನಿನಲ್ಲಿರುತ್ತದೆ. ಸತ್ತವನು ಸಾಕ್ಷಿ ಹೇಳಲು ಬರುವುದಿಲ್ಲ. ಇನ್ಸುಲಿನ್ನನ್ನೇ ನೆಚ್ಚಿ ಬದುಕುವ ಮಕ್ಕಳ ವಿಷಯದಲ್ಲಂತೂ ವರ್ಷ ಬೇಡ, ಕೆಲವೇ ದಿನ ಸಾಕು. 1922ರಲ್ಲಿ ಟೊರಾಂಟೋದಲ್ಲಿ ಮೊದಲ ಸಲ ಇನ್ಸುಲಿನ್ ಕೊಡುವ ತನಕ ಅಂಥ ಮಕ್ಕಳು ಬದುಕುತ್ತಲೇ ಇರಲಿಲ್ಲ. ಆ ಸೂಜಿಯನ್ನು ನಿಲ್ಲಿಸಿ ಎಂದು ಹೇಳುವವನು ಸಲಹೆ ಕೊಡುತ್ತಿಲ್ಲ, ಕೊಲೆ ಮಾಡುತ್ತಿದ್ದಾನೆ.

ಗಿಡಮೂಲಿಕೆಯನ್ನು ನಾವು ಹಳಿಯುತ್ತಿಲ್ಲ. ನಮ್ಮ ಹಿತ್ತಿಲಲ್ಲೂ ದೊಡ್ಡಪತ್ರೆ ಇದೆ, ತುಳಸಿ ಇದೆ. ನೆಗಡಿಗೆ ಕಷಾಯ ಕುಡಿದರೆ ಯಾರ ಗಂಟೂ ಹೋಗದು. ಗಿಡದ್ದೆಂದ ಮಾತ್ರಕ್ಕೆ ಅಪಾಯವಿಲ್ಲ ಎಂಬುದು ಮಾತ್ರ ಸುಳ್ಳು. ಕೊರೋನ ಕಾಲದಲ್ಲಿ ಅಮೃತಬಳ್ಳಿಯ ರಸವನ್ನು ದಿನವೂ ಕುಡಿದವರಲ್ಲಿ ಯಕೃತ್ತು ಕೆಟ್ಟ ಆರು ಜನರ ವಿವರವನ್ನು ಮುಂಬಯಿಯ ಡಾಕ್ಟರುಗಳು 2021ರಲ್ಲಿ ಪ್ರಕಟಿಸಿದರು. ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ. ವಾದ ನಡೆಯಲಿ, ಶಾಸ್ತ್ರ ಬೆಳೆಯುವುದೇ ವಾದದಿಂದ. ಆದರೆ ಆ ವಾದ ನಿಮ್ಮ ಫೋನಿಗೆ ಬರಲಿಲ್ಲ, ಬಂದದ್ದು ಬಳ್ಳಿಯ ಚಿತ್ರ ಮಾತ್ರ. 2020ರ ಏಪ್ರಿಲಿನಲ್ಲಿ ಕೋಲಾರದ ಗಡಿಗೆ ತಾಗಿದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಟಿಕ್‌ಟಾಕ್ ವಿಡಿಯೋ ನೋಡಿ ಉಮ್ಮತ್ತಿ ಬೀಜದ ರಸ ಕುಡಿದು ಹಲವರು ಆಸ್ಪತ್ರೆ ಸೇರಿದರು. ಉಮ್ಮತ್ತಿಯ ಕಾಯಿಗೆ ಸುತ್ತ ಮುಳ್ಳು. ಕೊರೋನದ ಚಿತ್ರಕ್ಕೂ ಸುತ್ತ ಮುಳ್ಳು. ನೋಡಲು ಒಂದೇ ತರಹ ಇದೆಯೆಂಬುದಷ್ಟೇ ಆ ವೈದ್ಯದ ಆಧಾರ. 2021ರ ಏಪ್ರಿಲಿನಲ್ಲಿ ಮೂಗಿಗೆ ನಿಂಬೆರಸ ಹಿಂಡಿಕೊಂಡರೆ ಆಮ್ಲಜನಕ ಏರುತ್ತದೆಂದು ನಮ್ಮ ರಾಜ್ಯದ ದೊಡ್ಡ ಉದ್ಯಮಿಯೊಬ್ಬರೇ ಹೇಳಿದರು. ಆ ವಿಡಿಯೋ ಊರೂರಿಗೆ ಹರಿಯಿತು. ಅದು ಸುಳ್ಳೆಂದು ಸರಕಾರದ ಸುದ್ದಿ ಇಲಾಖೆ ಹೇಳುವಷ್ಟರಲ್ಲಿ, ಹಾಗೆ ಹಾಕಿಕೊಂಡವರೊಬ್ಬರು ರಾಯಚೂರು ಜಿಲ್ಲೆಯಲ್ಲಿ ತೀರಿಕೊಂಡ ವರದಿಯೂ ಬಂತು. ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಜನ ಕಂಗಾಲಾಗಿದ್ದ ದಿನಗಳವು. ಸಿಲಿಂಡರು ಸಿಗದವನ ಕೈಗೆ ನಿಂಬೆಹಣ್ಣು ಕೊಟ್ಟರೆ ಅವನು ಹಿಂಡಿಕೊಳ್ಳದೆ ಏನು ಮಾಡಬೇಕು?

ಈಗ ವ್ಯಾಪಾರಿಗಳ ಕಡೆಗೆ ತಿರುಗುತ್ತೇವೆ. ಇದು ರೋಗಿಯ ತೊಂದರೆ, ನಮಗೇನು ಎಂದು ನೀವು ತಿಳಿಯಬಾರದು. 2017ರಲ್ಲಿ ಪ್ಲಾಸ್ಟಿಕ್ ಅಕ್ಕಿ ಬಂದಿದೆಯೆಂಬ ಸುದ್ದಿ ಹರಡಿದಾಗ ಕಿರಾಣಿ ಅಂಗಡಿಯವರು ಗಿರಾಕಿಗಳೆದುರು ಅನ್ನದ ಉಂಡೆ ಮಾಡಿ ತೋರಿಸಬೇಕಾಯಿತು. 2020ರ ಫೆಬ್ರವರಿ, ಮಾರ್ಚಿಯಲ್ಲಿ ಕೋಳಿ ತಿಂದರೆ ಕೊರೋನ ಬರುತ್ತದೆಂದು ಹಬ್ಬಿತು. ಕೋಳಿಯ ಬೆಲೆ ನೆಲಕ್ಕೆ ಬಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಕೋಳಿ ಸಾಕಿದವರೊಬ್ಬರು, ಮೇವಿನ ದುಡ್ಡೂ ಹುಟ್ಟದೆ, ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಯಲ್ಲಿ ಹೂತುಬಿಟ್ಟರು. ಅದರ ಮರು ತಿಂಗಳೇ ಮುಸ್ಲಿಂ ವ್ಯಾಪಾರಿಗಳು ಹಣ್ಣಿಗೆ ಉಗುಳಿ ರೋಗ ಹಬ್ಬಿಸುತ್ತಾರೆಂಬ ವಿಡಿಯೋಗಳು ಬಂದವು. ಹಳೆಯ ಚಿತ್ರಗಳಿಗೆ ಹೊಸ ಹೆಸರು ಕೊಟ್ಟವು ಅದರಲ್ಲಿ ಎಷ್ಟೋ ಇದ್ದವು. ನಮ್ಮ ರಾಜ್ಯದಲ್ಲೂ ಕೆಲವು ಊರುಗಳ ಬಾಗಿಲಲ್ಲಿ ಅವರು ಒಳಗೆ ಬರಕೂಡದೆಂದು ಕಾಗದ ಅಂಟಿಸಿದರು. ತಳ್ಳುಗಾಡಿಯವನ ಸಂಸಾರ ಉಪವಾಸ ಬಿತ್ತು. ಕೇಡು ಅಲ್ಲಿಗೂ ನಿಲ್ಲಲಿಲ್ಲ. ಹೆದರಿದ ಜನ ತಪಾಸಣೆಗೆ ಬಂದವರನ್ನೂ ನಂಬದಾದರು. ಅದೇ ಏಪ್ರಿಲಿನಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮನೆಮನೆ ವಿಚಾರಿಸಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಕೈ ಮಾಡಿದರು. ಒಂದು ಸುಳ್ಳು ಎರಡು ಕಡೆಯ ಬಡವರನ್ನೂ ಹೊಡೆಯಿತು.

ಹಾಸನದ ಸಂಗತಿಗೆ ಬರುತ್ತೇವೆ. ಇದು ನಿಮಗೆಲ್ಲ ನೆನಪಿರುವಷ್ಟು ಹೊಸದು. 2025ರ ಮೇ, ಜೂನ್ ತಿಂಗಳುಗಳಲ್ಲಿ ಆ ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಟೀವಿಯಲ್ಲೂ ಫೋನಿನಲ್ಲೂ ದಿನವೂ ಲೆಕ್ಕ ಹಿಡಿದಂತೆ ಬಂತು. ಇಂದು ಒಬ್ಬ, ಇಂದು ಇಬ್ಬರು ಎಂದು ಕ್ರಿಕೆಟ್ ರನ್ನಿನಂತೆ ಎಣಿಸಿದರು. ಇದೆಲ್ಲ ಕೊರೋನ ಲಸಿಕೆಯ ಫಲವೆಂದು ವಾಟ್ಸಾಪು ತೀರ್ಪು ಕೊಟ್ಟಿತು. ಜುಲೈ 1ರಂದು ಮುಖ್ಯಮಂತ್ರಿಗಳೇ, ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಒಂದು ಕಾರಣವಿರಬಹುದೆಂದು ಜಾಲತಾಣದಲ್ಲಿ ಬರೆದರು. ಪರೀಕ್ಷೆ ಮುಗಿಯುವ ಮೊದಲು ಅಂಥ ಸ್ಥಾನದಲ್ಲಿದ್ದವರು ಹಾಗೆ ಹೇಳಬಾರದಿತ್ತು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮರುದಿನ ಕೇಂದ್ರದ ಆರೋಗ್ಯ ಮಂತ್ರಾಲಯ ಅದನ್ನು ಅಲ್ಲಗಳೆಯಿತು. ಅದಕ್ಕೆ ಆಧಾರವೂ ಇತ್ತು. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನಲ್ಲಿ ಹಠಾತ್ತನೆ ಸತ್ತವರ ಮೇಲೆ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನ 2023ರಲ್ಲೇ ಪ್ರಕಟವಾಗಿತ್ತು. ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಿಲ್ಲವೆಂದು ಅದು ಕಂಡುಕೊಂಡಿತ್ತು. ಮನೆತನದಲ್ಲಿ ಅಂಥ ಸಾವು, ಕೊರೋನದಿಂದ ಆಸ್ಪತ್ರೆ ಸೇರಿದ್ದು, ಮಿತಿಮೀರಿದ ಕುಡಿತ ಇವು ಅಪಾಯವನ್ನು ಹೆಚ್ಚಿಸಿದ್ದವು.

ಅಷ್ಟರಲ್ಲಿ ಜನ ಬಸ್ಸು ಹಿಡಿದಾಗಿತ್ತು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಎದೆಯಲ್ಲಿ ಏನೂ ಇಲ್ಲದವರು ಹೆದರಿಕೆಯಿಂದ ಬಂದು ನಿಂತರು. ನಿಜವಾಗಿ ಎದೆನೋವಿದ್ದವನೂ ಅದೇ ಸಾಲಿನ ಹಿಂದೆ ನಿಂತ. ಹೆದರಿ ಪರೀಕ್ಷೆ ಮಾಡಿಸಿಕೊಂಡರೆ ಕೆಟ್ಟದ್ದೇನು ಎನ್ನುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗಲೂ ಹೀಗೆಯೇ ಆಗಿತ್ತು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಜುಲೈಯಲ್ಲಿ ವರದಿ ಕೊಟ್ಟಿತು. ಹಾಸನದ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ, ಬೇರೆ ಕಾರಣದವು. ಉಳಿದ 20ರಲ್ಲೂ ಅರ್ಧದಷ್ಟು ಮಾತ್ರ ಖಚಿತ, ಮಿಕ್ಕವು ಸಂಭವ. ಲಸಿಕೆಯ ನಂಟು ಕಾಣಲಿಲ್ಲ. ಕಂಡದ್ದು ಸಕ್ಕರೆ, ಒತ್ತಡ, ತಂಬಾಕು ಎಂಬ ಹಳೆಯ ಹಗೆಗಳೇ. ಅದರ ಜೊತೆಗೆ ಆರೋಗ್ಯ ಮಂತ್ರಿಗಳು ಒಂದು ಸಂಗತಿ ಹೇಳಿದರು. ಬಂಧುಗಳೆ, ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಸತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು ಆಟೋ, ಕ್ಯಾಬು ಓಡಿಸುವವರು. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಇಡೀ ದಿನ ಕೂತ ಸೀಟು, ಕಂತಿನ ಚಿಂತೆ. ನಾಡಿಗೆ ನಾಡೇ ಲಸಿಕೆಯನ್ನು ಹಿಡಿದು ಜಗ್ಗಾಡುತ್ತಿದ್ದಾಗ, ಚಾಲಕನ ದುಡಿಮೆಯ ಗಂಟೆಗಳ ಮಾತು ಎಲ್ಲೋ ಮೂಲೆಯಲ್ಲಿ ಬಿತ್ತು. ಸುಳ್ಳು ಸುದ್ದಿಯಿಂದಾಗುವ ಕೇಡಿನಲ್ಲಿ ಇದನ್ನು ನಾವು ದೊಡ್ಡದೆಂದು ಎಣಿಸುತ್ತೇವೆ: ಅದು ಜನರ ಸಿಟ್ಟನ್ನು ತಪ್ಪು ಬಾಗಿಲಿಗೆ ಕರೆದೊಯ್ಯುತ್ತದೆ.

ಲಸಿಕೆಯ ಮೇಲಿನ ಅನುಮಾನಕ್ಕೆ ಹಳೆಯ ವಂಶಾವಳಿಯಿದೆ. 1998ರಲ್ಲಿ ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಡಾಕ್ಟರು ಕೇವಲ 12 ಮಕ್ಕಳ ವಿವರ ಬರೆದು, ದಡಾರ ಮುಂತಾದ ಮೂರು ರೋಗಗಳ ಲಸಿಕೆಗೂ ಆಟಿಸಂ ಎಂಬ ಸ್ಥಿತಿಗೂ ನಂಟು ಹಚ್ಚಿದ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟ ವಕೀಲರಿಂದ ಅವನಿಗೆ ಹಣ ಬಂದಿತ್ತೆಂಬುದು ಆಮೇಲೆ ಬಯಲಾಯಿತು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು, ಅವನ ವೈದ್ಯಪಟ್ಟವೂ ಹೋಯಿತು. ಸುಳ್ಳು ಮಾತ್ರ ಸಾಯಲಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಮ್ಮ ರಾಜ್ಯವೂ ಸೇರಿ ಐದು ಪ್ರದೇಶಗಳಲ್ಲಿ ಮೊದಲಾದಾಗ, ಅದೇ ಜಾತಿಯ ಸುಳ್ಳುಗಳು ವಾಟ್ಸಾಪಿನಲ್ಲಿ ಬಂದು, ಎಷ್ಟೋ ತಂದೆತಾಯಿಗಳು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಇದೇ ದೇಶ ಪೋಲಿಯೋವನ್ನು ಓಡಿಸಿತ್ತು. ಕೊನೆಯ ರೋಗಿ ಕಂಡದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. ಪೋಲಿಯೋ ಹನಿಯ ಮೇಲೂ ಉತ್ತರದಲ್ಲಿ ಕೆಟ್ಟ ವದಂತಿಗಳಿದ್ದವು. ಆಗ ಮನೆಮನೆಗೆ ಮತ್ತೆ ಮತ್ತೆ ಹೋಗಿ, ಮಸೀದಿಯ ಹಿರಿಯರನ್ನೂ ಊರಿನ ತಾಯಂದಿರನ್ನೂ ಕೂರಿಸಿ ಮಾತನಾಡಿ ಗೆದ್ದರು. ಗೆಲ್ಲಿಸಿದ್ದು ಮನುಷ್ಯರ ಕಾಲು, ಮನುಷ್ಯರ ಬಾಯಿ.

ಇಷ್ಟು ಹೇಳಿ, ಡಾಕ್ಟರು ಹೇಳಿದ್ದೆಲ್ಲ ವೇದವಾಕ್ಯವೆಂದು ನಾವು ಸಾರುತ್ತಿದ್ದೇವೆಂದು ತಿಳಿಯಬೇಡಿ. ಜನರ ಅನುಮಾನಕ್ಕೆ ಕಾರಣಗಳಿವೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ತಾಯಂದಿರಲ್ಲಿ ಐವರು ಸತ್ತರು; ನಾಳಕ್ಕೆ ಏರಿಸಿದ ದ್ರಾವಣದ ಗುಣಮಟ್ಟದ ಮೇಲೆ ಸರಕಾರವೇ ಬೆರಳು ತೋರಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಔಷಧಿ ಕುಡಿದು ಇಪ್ಪತ್ತು ಮೀರಿ ಮಕ್ಕಳು ಸತ್ತರು. ಕೋವಿಶೀಲ್ಡಿನಂಥ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದುಂಟೆಂದು ತಜ್ಞರಿಗೆ 2021ರಲ್ಲೇ ಗೊತ್ತಿತ್ತು. ಅದನ್ನು ನಮ್ಮ ಸರಕಾರ ಸಾಮಾನ್ಯ ಜನಕ್ಕೆ ತಿಳಿಯುವ ಭಾಷೆಯಲ್ಲಿ ಆಗಲೇ ಹೇಳಿದ್ದರೆ, 2024ರಲ್ಲಿ ಇಂಗ್ಲೆಂಡಿನ ಕೋರ್ಟಿನ ಕಾಗದವೊಂದು ಹೊರಬಿದ್ದಾಗ ಇಡೀ ದೇಶ ಬೆಚ್ಚಿಬೀಳುತ್ತಿರಲಿಲ್ಲ. ಲಕ್ಷಾಂತರ ಜನರನ್ನು ಉಳಿಸಿದ ಲಸಿಕೆಯದು. ನಿಜ ಹೇಳಿದ್ದರೆ ಅದಕ್ಕೆ ನಷ್ಟವಾಗುತ್ತಿರಲಿಲ್ಲ. ಮುಚ್ಚಿಟ್ಟ ಚೂರು ಸತ್ಯ ಸುಳ್ಳಿನ ಬೆಟ್ಟಕ್ಕೆ ಅಡಿಗಲ್ಲಾಯಿತು.

ಫೋನಿನಿಂದ ಒಳಿತಾಗಿಲ್ಲವೆಂದೂ ಹೇಳಲಾರೆವು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತು, ಆಮ್ಲಜನಕದ ಕೊರತೆ ನಾಡಿಗೆಲ್ಲ ತಿಳಿದ ದಿನಗಳಲ್ಲಿ, ಎಲ್ಲಿ ಹಾಸಿಗೆಯಿದೆ, ಎಲ್ಲಿ ಸಿಲಿಂಡರಿದೆ ಎಂದು ಹುಡುಗ ಹುಡುಗಿಯರು ನಿದ್ದೆಗೆಟ್ಟು ಫೋನಿನಲ್ಲೇ ಹುಡುಕಿಕೊಟ್ಟರು. ಪುನೀತರ ಕಣ್ಣು ನಾಲ್ವರಿಗೆ ಬೆಳಕು ಕೊಟ್ಟ ಸುದ್ದಿ ಹರಡಿದ್ದೂ ಇದೇ ಫೋನಿನಿಂದ; ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ಒಮ್ಮೆಲೇ ಏರಿತು. ಯಂತ್ರವನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಯಂತ್ರ ಯಾರ ಕೈಯಲ್ಲಿದೆ, ಯಾರ ಲಾಭಕ್ಕೆ ತಿರುಗುತ್ತಿದೆ ಎಂಬುದು ಗಿರಣಿಯವರಿಗೆ ನಾವು ಕಲಿಸಬೇಕಾದ ಪಾಠವಲ್ಲ. 2018ರಲ್ಲಿ ಮಕ್ಕಳ ಕಳ್ಳರೆಂಬ ವದಂತಿಯಿಂದ ಬೀದರ್ ಜಿಲ್ಲೆಯಲ್ಲೂ ಜನ ಹೊಡೆದು ಕೊಂದ ಮೇಲೆ, ದೇಶವೆಲ್ಲ ಕೂಗಿದ್ದರಿಂದ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ವಾಟ್ಸಾಪಿನವರು ಕಟ್ಟು ಹಾಕಿದರು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆಯೆಂದು ಬಿಗಿ ಮಾಡಿದರು. ಒತ್ತಾಯ ಬಿದ್ದರೆ ಅವರಿಂದ ಆಗುತ್ತದೆ ಎಂಬುದು ಇದರಿಂದ ತಿಳಿಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಪಟ್ಟಿ ಓದುವುದಿಲ್ಲ. ಗುಳಿಗೆ ಬಿಡಿಸುವ, ಸೂಜಿ ನಿಲ್ಲಿಸುವ ಯಾವ ವಿಡಿಯೋ ಬಂದರೂ ಅದನ್ನು ಮುಂದಕ್ಕೆ ತಳ್ಳಬೇಡಿ, ಅದನ್ನು ಹಿಡಿದು ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಔಷಧಿ ಕೊಡುವ ಫಾರ್ಮಸಿಸ್ಟನ್ನೋ ಕೇಳಿ. ಆಶಾ ತಾಯಂದಿರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ, ತಿಂಗಳಿಗೆ 10,000 ರೂಪಾಯಿಯ ಭರವಸೆಯನ್ನು ಪಡೆಯಬೇಕಾಯಿತು. ಸುಳ್ಳಿಗೆ ಎದುರಾಗಿ ನಿಮ್ಮ ಬೀದಿಗೆ ನಡೆದು ಬರುವ ಸರಕಾರ ಎಂದರೆ ಆ ಹೆಂಗಸು ಒಬ್ಬಳೇ. ಅವಳ ಕೂಲಿಯ ಹೋರಾಟ ನಮ್ಮದೂ ಹೌದು. ಬೆಲೆಯ ಭಯದಿಂದ ಗುಳಿಗೆ ಬಿಟ್ಟವರು ಜನೌಷಧಿ ಅಂಗಡಿಯಲ್ಲಿ ಅದೇ ಮದ್ದನ್ನು ಕಂಪನಿಯ ಹೆಸರಿಲ್ಲದೆ ಕೇಳಿ ನೋಡಿ. ಸಕ್ಕರೆ ಮತ್ತು ಒತ್ತಡದ ಸಾಮಾನ್ಯ ಗುಳಿಗೆಗಳು ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗಬೇಕು. ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಿ ಎನ್ನಿ, ಆ ಚೀಟಿಯನ್ನು ನಮಗೆ ತಂದುಕೊಡಿ.

ಇ.ಎಸ್.ಐ. ವಿಷಯ. 1948ರ ಕಾನೂನಿನಿಂದ ಬಂದ ಹಕ್ಕು ಅದು, ನಮ್ಮ ಕೂಲಿಯಿಂದ ಮುರಿದ ಹಣದಿಂದ ನಡೆಯುವಂಥದು. ಮೊದಲ ಪಾಳಿ ಬಿಡುವಷ್ಟರಲ್ಲಿ ಡಿಸ್ಪೆನ್ಸರಿಯ ಬಾಗಿಲು ಹಾಕಿರುತ್ತದೆಂದರೆ ಅದು ಯಾರಿಗಾಗಿ ಇದೆ? ಸಂಜೆ ಎಂಟರವರೆಗೆ ತೆರೆದಿರಬೇಕು, ಕನ್ನಡದಲ್ಲಿ ಚೀಟಿಯ ವಿವರ ಬರೆದುಕೊಡಬೇಕು, ಧೂಳಿನ ಖಾತೆಯವರ ಶ್ವಾಸಕೋಶವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಅವರ ಕೈಗೇ ಕೊಡಬೇಕು ಎಂಬ ಮೂರು ಬೇಡಿಕೆಗಳ ಅರ್ಜಿ ಈ ಮೇಜಿನ ಮೇಲಿದೆ. ಅಂಗಡಿಯವರೂ ಸಹಿ ಹಾಕಬಹುದು. ನಿಮ್ಮ ಅಂಗಡಿಯ ಹುಡುಗರಿಗೆ ಇ.ಎಸ್.ಐ. ಇಲ್ಲದಿದ್ದರೆ ಅದರ ಲೆಕ್ಕವನ್ನೂ ಕೆಳಗೆ ಬರೆಯಿರಿ. ಮುಂದಿನ ಭಾನುವಾರ ಬೆಳಗ್ಗೆ ಸಂಘದ ಕಚೇರಿಯಲ್ಲಿ ಒತ್ತಡ ನೋಡುವ ಯಂತ್ರ ಇರುತ್ತದೆ. ಗುಳಿಗೆ ಬಿಟ್ಟವರು ಮೊದಲು ಬನ್ನಿ, ಯಾರೂ ಬೈಯುವುದಿಲ್ಲ. ಬರುವಾಗ ಹಳೆಯ ಚೀಟಿಯನ್ನು ತನ್ನಿ.